ಮಾಶಾಕ ಹಾಕ್ಕೊಳ್ಳದ ಚಪ್ಪಲಿ

ಜೂನ್ 18, ಮಂಗಳವಾರ

ಶಟರ್ ಎತ್ತಿದೆ, ಕಸಾ ಹೊಡದೆ, ಊದಿನಕಡ್ಡಿ ಹಚ್ಚಿ ಕುಂತೆ. ಗಿರಾಕಿ ಇಲ್ಲ. ಮಳಿ ಹಿಡದೈತಿ, ಮುಂಡರಗಿಯೊಳಗ ಈಗ ಯಾರ ಸ್ಲ್ಯಾಬ್ ಹಾಕ್ತಾರ? ಎದುರಿಗೆ ಗೆಳೆಯಾ ಮಾಶಾಕನ ಸಿಮೆಂಟ್ ಅಂಗಡಿ ಮುಚ್ಚೇ ಐತಿ. ಅಂವ ತೀರಿಕೊಂಡು ಎರಡೂವರಿ ತಿಂಗಳಾತು. ಆ ಕಡೆ ನೋಡಬಾರದು ಅಂತೀನಿ. ನನ್ನ ಕುರ್ಚಿ ಇರೂದ ಆ ಕಡೆ ಮಾರಿ ಮಾಡಿ.

ಸಿಮೆಂಟ್ ಕಂಪನಿ ಮ್ಯಾನೇಜರ್ ಫೋನ್. ಮಾರ್ಚಿನ್ಯಾಗ ಟಾರ್ಗೆಟ್ ಮುಗಿಸಿದ ಡೀಲರ್ ಮಂದಿಗೆ ಅವತ್ತ ಹೇಳಿದ್ದ ಅಂಡಮಾನ್ ಟೂರ್ — ನಾಡದ ಹೊಂಡೂದು. "ಆಫ್ ಸೀಸನ್ ಸರ್, ಗದ್ದಲ ಇರಂಗಿಲ್ಲ, ಆರಾಮ." ಆರಾಮ ಅಂತ, ಇವನ ತಲಿ. ಮಳಿಗಾಲದಾಗ ಅಗ್ಗ ಸಿಗತೈತಿ, ಅದಕ್ಕ ಕಳಸಾಕತ್ತಾರ. ಒಲ್ಲೆ ಅನ್ನೂದು ಬಾಯಿತನಕ ಬಂದಿತ್ತು. ಯಾಕ ಅಂತ ಕೇಳತಾರಲ್ಲ... ಹೂಂ ಅಂದೆ.

ಸಂಜಿಮುಂದ ಮಾಶಾಕನ ಮಗಳು ಕೈನಾತ ಬಂದ್ಲು, ಅಮ್ಮಿ ಕರೀತಾರಂತ. ಹೋದೆ. ಗೌಸಬಿ ಇದ್ದತ್ ಕುಂತಾಳ. ಗಂಡ ತೀರಿದ ಮ್ಯಾಲ ನಾಕ ತಿಂಗಳ ಹತ್ತ ದಿನ ಪರಗಂಡಸರ ಮುಂದ ಬರಂಗಿಲ್ಲ. ಪರದೆ ಆ ಕಡೆ ಅಕಿ, ಈ ಕಡೆ ನಾನು.

"ಅಣ್ಣಾ, ಟೂರಿಗೆ ಹೊಂಟೀರಂತಲ್ಲ, ಅದಕ್ಕಂತ ಅವರು ಒಂದ ಜೋಡಿ ಚಪ್ಪಲಿ ತಂದಿಟ್ಟಿದ್ರು. ಸಮುದ್ರದ ಉಸುಕಿನ್ಯಾಗ ಅಡ್ಡಾಡಾಕ ಬೇಕಂತ. ಒಂದ ದಿನಾನೂ ಹಾಕ್ಕೊಳ್ಳಲಿಲ್ಲ. ನೀವ ಹಾಕ್ಕೊಂಡ ತಿರಗ್ಯಾಡಿ ಬರ್ರಿ. ಅವರೂ ನೋಡಿದಂಗ ಆಕ್ಕೈತಿ."

ಪರದೆ ಕೆಳಗಿಂದ ಡಬ್ಬಿ ಸರೀತು. ನೀಲಿ ಪಟ್ಟಿ, ಎಂಟ ನಂಬರ್. ನನ್ನ ಕಾಲೂ ಎಂಟ.

"ಬ್ಯಾರೆ ಯಾರಿಗೆ ಹೇಳಲಿ? ಕೊನಿ ಫೋನಿನ್ಯಾಗೂ ನಿಮ್ಮ ಹೆಸರ ಅಂದ್ರು. ಕೊಟ್ರ್ಯಾ ಕಾರ್ ತರಾಕ ಹೋಗ್ಯಾನ, ಈಗ ಬರತಾನ, ಅಂಜಬ್ಯಾಡ ಅಂದ್ರು."

ನಾ ಕಾರ್ ತರಾಕ ಹೋಗಿದ್ದಿಲ್ಲ. ಅಲ್ಲೇ ಹೇಳಬೇಕಿತ್ತು. ಡಬ್ಬಿ ಬಗಲಾಗ ಹಿಡಕೊಂಡು ಮನಿಗೆ ಬಂದೆ.

ಜೂನ್ 21, ಶುಕ್ರವಾರ. ನೀಲ್ ದ್ವೀಪ

ನಿನ್ನೆ ವಿಮಾನ, ಇವತ್ತು ಹಡಗ. ಅರ್ಧ ಮಂದಿ ವಾಂತಿ. ಇಷ್ಟ ದೂರ ಬಂದು ನೋಡಿದ್ರ ಎಲ್ಲಾ ಮುಚ್ಚೇತಿ. ಹೋಟೆಲಿನ್ಯಾಗ ಕುರ್ಚಿ ಟೇಬಲ್ ಮ್ಯಾಲ ತಲಿಕೆಳಗ. ದೋಣಿ ಎಲ್ಲಾ ದಂಡಿಗೆ ಎಳದು ತಾಡಪಾಲ ಹೊಚ್ಚ್ಯಾರ. ಕೆಂಪ ಬಾವುಟ ಹಚ್ಚಿ ನೀರಿಗೆ ಇಳೀಬ್ಯಾಡ್ರಿ ಅಂತಾರ. ತೆಂಗಿನ ಗರಿ ಬಿದ್ದಲ್ಲೇ ಬಿದ್ದಾವ, ಎತ್ತವರಿಲ್ಲ.

ರೂಮಿನ ಕೌಂಟರಿನ್ಯಾಗ ಹುಡುಗಿ ಲಿಸ್ಟ್ ಓದಿದ್ಲು. ಕೊಟ್ರಪ್ಪ, ಮಾಶಾಕ — ಟ್ವಿನ್ ಶೇರಿಂಗ್. "ಮಾಶಾಕ ಸರ್ ಕಹಾಂ ಹೈಂ?" ಕಂಪನಿಯವರು ಹೆಸರ ತಗಿಯೂದ ಮರತಾರ. ನಾ ರಿಜಿಸ್ಟರಿಗೆ ಸಹಿ ಮಾಡಿದೆ. ಕೀಲಿ ಎರಡ ಕೊಟ್ಲು.

ಎರಡ ಮಂಚ. ಎರಡ ಟವೆಲ್. ನಾಕಕ್ಕ ಚಾ ಬಂತು, ಎರಡ ಕಪ್. ಒಂದ ಕುಡದೆ. ಇನ್ನೊಂದು ಆರಿ ಕೆನಿ ಕಟ್ಟಿತು.

ಲಕ್ಷ್ಮೇಶ್ವರದ ಡೀಲರ್ ಫಕೀರೇಶ ಇಣುಕಿ ಹಾಕಿ ನಗ್ಯಾಡಿದ. "ಏನಲೇ ಕೊಟ್ರಪ್ಪ, ರಾಜಾನಂಗ ಒಬ್ಬನ ಅದಿ. ಯಾರ ನಿನ್ನ ಪಾರ್ಟ್ನರ್?" ಆಮ್ಯಾಲ ಅವಗ ನೆನಪಾತು ಕಾಣಸ್ತೈತಿ. ಹಲ್ಲ ಮುಚಗೊಂಡು ಹೋದ.

ಅವತ್ತ ಆದದ್ದು ಇಲ್ಲಿ ಬರದ ಇಡತೀನಿ. ಮಾರ್ಚ್ 31, ಟಾರ್ಗೆಟ್ಟಿನ ಕೊನಿ ದಿನ. ಮಾಶಾಕಂದು ವಾರದ ಹಿಂದ ಮುಗದಿತ್ತು. ನಂದು ಒಂದ ಲಾರಿ ಬಾಕಿ. ಚೀಲ ಇಳಿಸಿ ಕಂಪನಿಗೆ ಫೋಟೋ ಹಾಕಿದ್ರ ಮಾತ್ರ ಕೌಂಟ್. ಹಮಾಲರು ಇಳಸಾಕತ್ತಿದ್ರು. ರಮಜಾನ್ ಇತ್ತು, ಅಂವ ರೋಜಾ ಹಿಡದಿದ್ದ. ರಸ್ತಾ ದಾಟಿ ಬಂದ, ಮಾರಿ ತುಂಬ ಬೆವರು.

"ಕೊಟ್ರ್ಯಾ, ಎದಿ ಹಿಡದಂಗ ಆಗೈತಿ. ಗದಗಿಗೆ ಹೋಗೂಣು, ಕಾರ್ ತಗಿ."

"ರೋಜಾದ ಸುಸ್ತಲೇ ಅದು. ಫ್ಯಾನ್ ಕೆಳಗ ಕುಂಡ್ರ ಹೋಗು. ಹತ್ತ ಮಿನಿಟದಾಗ ಬಂದೆ."

ಖರೇನ ಸುಸ್ತ ಅಂತ ತಿಳದಿದ್ದೆ. ಹತ್ತ ಮಿನಿಟು. ಹೋಗಿ ನೋಡಿದ್ರ ಕುರ್ಚಿ ಮ್ಯಾಲ ಹಂಗ ಕುಂತಿದ್ದ, ಫೋನ್ ಕೈಯಾಗ. ಮಾರಿ ನನ್ನ ಅಂಗಡಿ ಕಡೆ.

ಜೂನ್ 22, ಶನಿವಾರ. ಮಧ್ಯಾಹ್ನ 4

ಮುಂಜಾನಿ ಐದಕ್ಕ ಸೂರ್ಯ ಮ್ಯಾಲ ಇರತಾನ ಇಲ್ಲಿ. ಎದ್ದು ನೋಡಿದ್ರ ಡಬ್ಬ್ಯಾಗ ಇದ್ದ ಚಪ್ಪಲಿ ಆ ಕಡೆ ಖಾಲಿ ಮಂಚದ ಕೆಳಗ ಅದಾವ, ಸಾಲಾಗಿ. ನಿನ್ನೆ ಸಂಜಿಮುಂದ ಕಸಾ ಹೊಡಿಯೋ ಹೆಂಗಸು ತಗದಿಟ್ಟಿರಬೇಕು. ಅಕೀನ, ಬ್ಯಾರೆ ಯಾರು. ಆದ್ರೂ ಆ ಹಾಸಿಗಿ ಕಡೆ ಬೆನ್ನ ಮಾಡಿ ಅರಿವಿ ಹಾಕ್ಕೊಳ್ಳಾಕ ಆಗಲಿಲ್ಲ.

ಹಾಕ್ಕೊಂಡು ನೋಡೂಣು ಅಂತ ಕಾಲ ಮುಂದ ಚಾಚಿದೆ. ಒಲ್ಲೆ ಅಂತು ಕಾಲು.

ಮೂರಕ್ಕ ದಂಡಿಗೆ ಹೋದೆ. ಸಮುದ್ರ ಎಲ್ಲೋ ಹಿಂದ ಹೋಗಿತ್ತು. ಬರೇ ಕಲ್ಲು, ಹಸಿ ಉಸುಕು, ಸಣ್ಣ ಸಣ್ಣ ಏಡಿ. ಬ್ಯಾಸಗ್ಯಾಗ ನಮ್ಮ ಸಿಂಗಟಾಲೂರ ಹೊಳ್ಯಾಗ ನೀರ ಹಿಂಗ ಸರದ್ರ ಮತ್ತ ಮಳಿಗಾಲದಾಗ ಬರೂದು. ಇದೂ ಹಂಗ ಇರಬೇಕು. ಎರಡ ಫರ್ಲಾಂಗ ಒಳಗ ನಡದು, ನೀರಿನ ಅಂಚಿಗೆ ಚಪ್ಪಲಿ ಜೋಡಿಸಿಟ್ಟೆ, ಸಮುದ್ರದ ಕಡೆ ಮಾರಿ ಮಾಡಿ. ನೋಡಲೇ ಮಾಶಾಕ, ಎಷ್ಟ ನೋಡತಿ ನೋಡು ಅಂದೆ. ತಿರುಗಿ ನೋಡದ ಬಂದೆ.

ಆತು. ಗೌಸಬಿಗೆ ಸಮುದ್ರದಾಗ ಹೋದುವು ಅಂತ ಹೇಳೂದು. ಸುಳ್ಳೇನಲ್ಲ.

ಜೂನ್ 23, ರವಿವಾರ. ಮುಂಜಾನಿ 5.20

ಬಾಗಲ ತಗದೆ. ಹೊಸ್ತಿಲ ಮುಂದ ಚಪ್ಪಲಿ. ತೊಯ್ದಾವ. ಕಾಲಬಟ್ಟಿನ ತುದಿ ಒಳಗಡೆ ಮಾಡಿ ಅದಾವ, ಒಳಗ ಬರಾಕ ನಿಂತವರಂಗ.

ಅಲ್ಲೇ ಕುಂತೆ.

ಕಸಬರಗಿ ಹಿಡಕೊಂಡು ಆ ಹೆಂಗಸು ಬಂದ್ಲು, ಬಂಗಾಲಿ. ಅಕಿ ಹಿಂದಿ ಅರ್ಧ ತಿಳೀತು. ನೀರು ದಿನಾ ಎರಡ ಸಲ ಹೋಗತೈತಿ, ಎರಡ ಸಲ ಬರತೈತಿ ದಾದಾ. ನಿನ್ನೆ ಹುಣ್ಣಿವಿ, ಮೆಟ್ಟಲತನಕ ಬಂದಿತ್ತು. ಎರಡೂ ಮೆಟ್ಟಲ ಮ್ಯಾಲ ಬಿದ್ದಿದ್ದುವು. ಹಿಂದಿನ ದಿನ ನಿಮ್ಮ ರೂಮಿನ್ಯಾಗ ನಾನ ಇಟ್ಟಿದ್ದೆ, ಅದಕ್ಕ ಗುರ್ತ ಸಿಕ್ತು, ತಂದ ಇಟ್ಟೆ.

ಎಲ್ಲಾ ಸರಿ ಐತಿ. ಲೆಕ್ಕ ಕೂಡಿತು. ಮತ್ತ ನನಗ್ಯಾಕ ನಡುಗು ಬಿಡವಲ್ದು?

ಅದೇ ದಿನ, 11 ಗಂಟೆ

ಗಾಳಿಗೆ ಹಡಗ ಬಂದ್. ಎಂದ ಬಿಡತಾರೋ ಗೊತ್ತಿಲ್ಲ. ಉಳದವರು ಇಸ್ಪೀಟ್ ಆಡಾಕತ್ತಾರ. ಚಾ ಮತ್ತ ಎರಡ ಕಪ್ ಬಂತು. ಒಬ್ಬನ ಇದೀನಿ ಅಂತ ಹೇಳಿದ್ರ ಮುಗೀತಿತ್ತು. ಹೇಳಿಲ್ಲ ಇನ್ನೂ.

ಹತ್ತ ಮಿನಿಟಲ್ಲ.

ಮುನ್ನೂರು ಚೀಲ ಹತ್ತ ಮಿನಿಟದಾಗ ಯಾವ ಹಮಾಲ ಇಳಸ್ತಾನ? ನಲವತ್ತು. ನಡುವ ಎರಡ ಸಲ ಎದುರಿಗೆ ನೋಡಿದ್ದೆ. ಎರಡನೇ ಸಲ ಅಂವ ಕೈ ಎತ್ತಿದ್ದ. ನಾನೂ ಕೈ ಎತ್ತಿದೆ, ಬಂದೆ ಬಂದೆ ಅಂತ. ಆಮ್ಯಾಲ ಫೋಟೋ ತಗದೆ. ಒಂದ ಸರಿ ಬರಲಿಲ್ಲ, ಮತ್ತೊಂದ ತಗದೆ. ಕಾರ್ ಅಂಗಡಿ ಮುಂದ ನಿಂತಿತ್ತು, ಚಾವಿ ಕಿಸೆದಾಗ. ನಲವತ್ತು ಮಿನಿಟದಾಗ ಗದಗ ದವಾಖಾನಿ ಮುಟ್ಟತಿದ್ವಿ.

ಯಾರಿಗೂ ಹತ್ತ ಅಂತ ಸೈತ ಹೇಳಿಲ್ಲ. ನನಗ ನಾ ಹೇಳಿಕೊಂಡದ್ದು ಹತ್ತು. ಈ ವಹಿಯೊಳಗೂ ಹತ್ತ ಅಂತ ಬರದೀನಿ, ಎರಡ ದಿನದ ಹಿಂದ.

ಊರಿಗೆ ಹೋದ ಕೂಡ್ಲೇ ಅಕಿಗೆ ಹೇಳತೀನಿ. ಆಣಿ ಮಾಡಿ ಬರಿಯಾಕತ್ತೀನಿ.

ಜೂನ್ 30, ರವಿವಾರ. ಮುಂಡರಗಿ

ಬಂದು ಮೂರ ದಿನ ಆತು. ಇವತ್ತ ಹೋದೆ. ಪರದೆ ಮುಂದ ಕುಂತೆ. ಚಪ್ಪಲಿ ನಡುವ ಇಟ್ಟೆ.

"ಹೆಂಗಿತ್ರಿ ಅಣ್ಣಾ ಸಮುದ್ರ?"

"ಹೋಗತೈತಿ, ಬರತೈತಿ." ಆಮ್ಯಾಲ ಅಂದೆ, "ಗೌಸಬಿ, ಅವತ್ತು ನಾ ಕಾರ್ ತರಾಕ ಹೋಗಿದ್ದಿಲ್ಲ. ಕಾರ್ ಅಲ್ಲೇ ಇತ್ತು. ಲಾರಿ ಖಾಲಿ ಮಾಡಸಾಕತ್ತಿದ್ದೆ. ರೋಜಾದ ಸುಸ್ತು, ತಡಿ ಅಂದೆ ಅವಗ."

ಪರದೆ ಆ ಕಡೆಯಿಂದ ಕೇಳಿದ್ಲು.

"ಎಷ್ಟೊತ್ತು?"

ಹತ್ತ ಮಿನಿಟು ಅಂದೆ.

ಅಂದೇ ಬಿಟ್ಟೆ. ನಾಲಿಗಿಗೆ ಅದ ರೂಢಿ ಆಗಿತ್ತು.

ಅಕಿ ಉಸರ ಬಿಟ್ಲು. ಅಳಾಕತ್ತಿದ್ಲು, ದನಿಯೊಳಗ ತಿಳೀತು. "ಹತ್ತ ಮಿನಿಟದಾಗ ಏನ ಆಕ್ಕಿತ್ತು ಬಿಡ್ರಿ ಅಣ್ಣಾ. ದಾರ್ಯಾಗಿನ ಡಂಬಳಾನೂ ಮುಟ್ಟತಿದ್ದಿಲ್ಲ. ಅವರ ಆಯುಷ್ಯ ಅಷ್ಟ. ಮನಸಿನ್ಯಾಗ ಇಟ್ಟಕೋಬ್ಯಾಡ್ರಿ. ನಾ ಮಾಫ್ ಮಾಡೀನಿ."

ಚಪ್ಪಲಿ ಅಲ್ಲೇ ಬಿಟ್ಟು ಎದ್ದು ಬಂದೆ. ಹಗುರ ಆಕ್ಕೈತಿ ಅಂತ ತಿಳದಿದ್ದೆ.

ಜುಲೈ 1, ಸೋಮವಾರ. ಮುಂಜಾನಿ 7

ಹೆಂಡ್ತಿ ಸುಮಿತ್ರವ್ವ ಅಂಗಳಾ ಹೊಡಿಯಾಕ ಬಾಗಲ ತಗದಾಕಿ ನನ್ನ ಕರದ್ಲು. ಇವು ನಿಮ್ಮವೇನ್ರಿ ಅಂದ್ಲು. ಕೈನಾತ ಶಾಲಿಗೆ ಹೊಂಟಾಕಿ ಆಗಷ್ಟ ಇಟ್ಟು ಅಕಿಗೆ ಹೇಳಿ ಹೋಗಿದ್ಲಂತ, ಅಂಕಲ್ ಮರತ ಬಂದಾರ, ಅವರಿಗೇ ಇರಲಿ ಅಂದ್ರು ಅಮ್ಮಿ ಅಂತ. ತೊಳದು ಒರಸಿದ ಚಪ್ಪಲಿ. ಹೊಸ್ತಿಲ ಮುಂದ, ಬಟ್ಟಿನ ತುದಿ ಒಳಗಡೆ.

ಈ ಸಲ ನಡುಗು ಬರಲಿಲ್ಲ. ಕಾಲ ಹಾಕಿದೆ. ಅಳತಿ ತಗೊಂಡು ಹೊಲದಂಗ ಕುಂತುವು.

ಹೊಂಟೀನಿ. ಪರದೆ ಮುಂದ ನಿಂತು ಮೊದಲ ಆ ಅಂಕಿ ಹೇಳೂದು, ಆಮ್ಯಾಲ ಉಳದದ್ದು. ಎರಡ ಸಲ ನೋಡಿದ್ದು, ಅಂವ ಕೈ ಎತ್ತಿದ್ದು, ನಾನೂ ಎತ್ತಿದ್ದು. ನಲವತ್ತು ಗೌಸಬಿ, ಹತ್ತಲ್ಲ, ನಲವತ್ತು ಮಿನಿಟು.