ತಿಪ್ಪೆಗೆ ಎಸೆದ ಗುಳಿಗೆ

ಅಪ್ಪಾ,

ತಮ್ಮ ಮುತ್ತುವನ್ನು ಮತ್ತೆ ವಿಜಯಪುರದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಎಮ್ಮೆಗೆ ನೀರು ಕುಡಿಸು. ನಿನ್ನ ಬಿಪಿ ಗುಳಿಗೆಯನ್ನು ನೀನು ಒಂದು ದಿನವೂ ತಪ್ಪಿಸಿದವನಲ್ಲ, ಇಂದೂ ತಪ್ಪಿಸಬೇಡ.

ಅವನು ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು. "ಬಿಟ್ಟಾನಲ್ಲ, ಇನ್ನ ಹುಚ್ಚರ ಗುಳಿಗಿ ಯಾಕ?" ಅಂತ ನೀನು ಅವನ ಗುಳಿಗೆಗಳನ್ನು ತಿಪ್ಪೆಗೆ ಎಸೆದೆ. ಹದಿನೈದು ದಿನಕ್ಕೆ ಅವನ ಕಿವಿಯಲ್ಲಿ, ಯಾರೂ ಇಲ್ಲದಾಗಲೂ ಕೇಳುವ ಆ ದನಿಗಳು ಮತ್ತೆ ಶುರುವಾದವು. ಅವನ್ನು ಅಡಗಿಸಲು ನಿನ್ನೆ ಕುಡಿದ. ನೀನು ಹೊಡೆದೆ. ಕುಡಿತಕ್ಕೂ ಮನಸ್ಸಿನ ರೋಗಕ್ಕೂ ಒಟ್ಟಿಗೇ ಔಷಧ ಮಾಡಬೇಕು, ಒಂದನ್ನು ಬಿಟ್ಟರೆ ಇನ್ನೊಂದು ತಿರುಗಿ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಈ ದನಿ ಯಾವಾಗಿನಿಂದ ಅಂತ ಈಗ ನಾನು ಅವನನ್ನು ಕೇಳಿದೆ.

"ಹೈಸ್ಕೂಲಿಗೆ ಹೋಗೂವಾಗಿಂದ ಅಕ್ಕಾ. ಅಪ್ಪಗ ಹೇಳಿದ್ನಿ. ಸಾಲಿ ತಪ್ಪಸಾಕ ನಾಟಕ ಮಾಡಾಕತ್ತಿ ಅಂದ."

ನಿನಗೆ ಎಚ್ಚರವಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ನಿಂತಿದ್ದಾನೆ.

ರವಿವಾರ ಆಸ್ಪತ್ರೆಯಲ್ಲಿ ಮನೆಯವರನ್ನು ಕೂರಿಸಿ ಮಾತಾಡುತ್ತಾರೆ. ಮುದ್ದೇಬಿಹಾಳದಿಂದ ಬೆಳಿಗ್ಗೆ ಏಳಕ್ಕೆ ಬಸ್ಸಿದೆ. ಬಾ ಅಪ್ಪಾ. ಬಂದು ನೀನೇನೂ ಹೇಳಬೇಡ. ಅವನು ಹೇಳುವುದನ್ನು ಒಮ್ಮೆ ಪೂರ್ತಿ ಕೇಳು.

ಸುವರ್ಣಾ