ಒಂದು ಬದಿಯ ಅಳತೆ

ಪಾರ್ಲರಿನ ಹಿಂದಿನ ರೂಮು,
ಸೋಮವಾರ, ಜೂನ್ ೧೬

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆ ಆಯ್ತಾ, ಇಲ್ಲ ಈಗಲೂ ಮೆಟ್ಟಿಲಿಳಿಯುವಾಗ ಗೋಡೆ ಹಿಡ್ಕೊಂಡೇ ಇಳೀತೀಯಾ? ಭಾವ ಹೇಗಿದ್ದಾರೆ? ಅವರು ಡಬ್ಬಿಯಿಂದ ಕದ್ದು ಸಿಹಿ ತಿನ್ನೋದು ನಿಲ್ಲಿಸಿದ್ದಾರೆ ಅಂತ ನೀನು ಹೇಳಿದ್ದನ್ನ ನಾನಂತೂ ನಂಬಲ್ಲ. ನಿನ್ನ ಮಗಳು ಹೊಸ ಕೆಲಸಕ್ಕೆ ಹೊಂದ್ಕೊಂಡಳಾ? ಏನಿವಳು, ಕೈಯಲ್ಲಿ ಫೋನ್ ಇಟ್ಕೊಂಡು ಕಾಗದ ಬರೀತಾಳಲ್ಲ ಅಂತ ನಗಬೇಡ. ಫೋನ್ ಮಾಡಿದ್ರೆ ಭಾವ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರ್ತಾರೆ. ಅವರ ಕಿವಿಗೆ ಬೀಳೋ ಹಾಗೆ ಬ್ರಾ ಸುದ್ದಿ ಮಾತಾಡೋದು ಹೇಗೆ? ಹೌದು, ಬ್ರಾ ಸುದ್ದಿನೇ. ಕಾಗದದ ತುಂಬಾ ಅದೇ. ಬಾಗಿಲು ಹಾಕ್ಕೊಂಡು ಓದು.

ಗಾಯ ಪೂರ್ತಿ ಮಾಯ್ದಿದೆ. ಆಪರೇಷನ್ ಆದಾಗ ನೀನು ನೋಡಿದ ಕೆಂಪು ಗೆರೆ ಈಗ ಕಂದು ಬಣ್ಣಕ್ಕೆ ತಿರುಗಿದೆ. ಕೀಮೋದಲ್ಲಿ ಉದುರಿದ ತಲೆಕೂದಲು ಕಿವಿ ಮುಟ್ಟೋಷ್ಟು ಬೆಳೆದಿದೆ. ವಿಷಯ ಗೊತ್ತಿಲ್ಲದ ಗಿರಾಕಿಗಳು ಅದನ್ನ ಹೊಸ ಫ್ಯಾಷನ್ ಅಂದ್ಕೊಂಡು "ನಂಗೂ ಹೀಗೇ ಕತ್ತರಿಸಿ" ಅಂತಾರೆ. ನಗಬೇಕೋ ಅಳಬೇಕೋ ತಿಳಿಯಲ್ಲ. ಡಾಕ್ಟರು ಕೆಲಸ ಶುರು ಮಾಡಬಹುದು ಅಂದ ಕೂಡಲೇ ಪಾರ್ಲರಿನ ಬಾಗಿಲು ತೆಗೆದೆ. ಆದ್ರೆ ಅಕ್ಕಾ, ನನ್ನ ಕೆಲಸ ಎಂಥದು ಅಂತ ನಿನಗೆ ಗೊತ್ತು. ಬೆಳಗಿಂದ ಸಂಜೆವರೆಗೆ ಕನ್ನಡಿ ಮುಂದೆ ನಿಂತು, ಎರಡೂ ಕೈ ಎತ್ತಿ, ಇನ್ನೊಬ್ಬರ ತಲೆ ಮೇಲೆ ಬಾಗಿರಬೇಕು. ಬಲಗಡೆ ಎದೆ ಬಯಲು, ಎಡಗಡೆ ಮೊದಲಿನ ಹಾಗೇ ಭಾರ. ಒಂದೇ ತಟ್ಟೆಯ ತಕ್ಕಡಿ ಆಗಿದ್ದೀನಿ. ನಡೆಯುವಾಗ ಎಡಕ್ಕೆ ವಾಲ್ತೀನಿ, ಸಂಜೆ ಹೊತ್ತಿಗೆ ಕುತ್ತಿಗೆ ಕಲ್ಲಾಗಿರುತ್ತೆ. ಮೊದಲ ವಾರ ಹಳೇ ಬ್ರಾದೊಳಗೆ ಹತ್ತಿ ತುಂಬಿ, ಮೇಲೊಂದು ದಪ್ಪ ಏಪ್ರನ್ ಕಟ್ಕೊಂಡು ಹೇಗೋ ಸುಧಾರಿಸಿದೆ.

ಆಮೇಲೆ ಬ್ಯಾಂಕ್ ಮೇಡಂ ಬಂದ್ರು. ಗೊತ್ತಲ್ಲ, ಕುರ್ಚಿಯಲ್ಲಿ ಕೂತರೆ ಕಣ್ಣು ಮುಚ್ಚದೆ, ಕತ್ತರಿಯ ಒಂದೊಂದು ಏಟನ್ನೂ ಕನ್ನಡಿಯಲ್ಲಿ ಲೆಕ್ಕ ಹಾಕೋ ಆಸಾಮಿ. ಅವರ ನೆತ್ತಿ ಮೇಲಿನ ಕೂದಲು ಹಿಡಿದು ಕೈ ಎತ್ತಿದ್ದೇ ತಡ, ಒಳಗೆ ಏನೋ ಸರಿದ ಹಾಗಾಯ್ತು. ಕನ್ನಡಿ ನೋಡಿದರೆ ಬಲಗಡೆಯ ಉಬ್ಬು ಕುತ್ತಿಗೆ ಬುಡಕ್ಕೆ ಬಂದು ಕೂತಿದೆ! ಹಗುರ ಹತ್ತಿ ತಾನೇ, ಬ್ರಾ ಮೇಲೇರಿದ ಹಾಗೆ ಅದೂ ಏರಿದೆ. ಕನ್ನಡಿಯಲ್ಲಿ ಅವರ ಕಣ್ಣು ಅಲ್ಲೇ ನೆಟ್ಟಿತ್ತು. ಕೆಮ್ಮು ಬಂದವಳ ಹಾಗೆ ನಟಿಸಿ ಈ ರೂಮಿಗೆ ಓಡಿ ಬಂದೆ. ಅಯ್ಯೋ ಪಾಪ ಅಂತಾರೋ, ಊರೆಲ್ಲ ಹೇಳ್ತಾರೋ, ಇನ್ನು ಮುಂದೆ ಬರೋದೇ ಬಿಡ್ತಾರೋ ಅನ್ನೋದೊಂದೇ ಯೋಚನೆ. ಹೇಗೋ ಸರಿಮಾಡ್ಕೊಂಡು ಹೋಗಿ ಕೂದಲು ಮುಗಿಸಿದೆ. ಅವರು ಒಂದು ಮಾತೂ ಆಡದೆ ಹೋದ್ರು. ಆ ಮೌನವೇ ನನ್ನ ತಿಂದು ಹಾಕ್ತು. ರಸ್ತೆಯಲ್ಲಿ ಯಾರು ನನ್ನ ಕಡೆ ತಿರುಗಿದರೂ ಕೈ ತಾನಾಗಿ ಎದೆ ಮೇಲೆ ಹೋಗೋಕೆ ಶುರುವಾಯ್ತು.

ಆಸ್ಪತ್ರೆಯ ನರ್ಸ್ ಬ್ರಾದೊಳಗೆ ಇಟ್ಕೊಳ್ಳೋಕೆ ಒಂದು ಸಿಲಿಕಾನಿನ ಕೃತಕ ಎದೆ ಕೊಡಿಸಿದ್ರು. ಮುಟ್ಟಿದರೆ ತಣ್ಣಗೆ, ಎತ್ತಿದರೆ ಸರಿಯಾದ ತೂಕ. ನಾನದಕ್ಕೆ ಬಾಡಿಗೆಯವಳು ಅಂತ ಹೆಸರಿಟ್ಟಿದ್ದೀನಿ. ಆದ್ರೆ ಬಾಡಿಗೆಯವಳಿಗೆ ಒಳ್ಳೇ ಮನೆ ಬೇಕಲ್ಲ! "ಬ್ರಾ ಸರಿಯಾಗಿ ಕೂರಬೇಕು, ಒಳಗೆ ಜೇಬಿರಬೇಕು, ಇಲ್ಲದಿದ್ರೆ ಇದೂ ಜಾರುತ್ತೆ" ಅಂದ್ರು ನರ್ಸ್. ಸರಿ, ಮಾರ್ಕೆಟ್ಟಿನ ದೊಡ್ಡ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಒಬ್ಬ ಗಂಡಸು, ಹಿಂದೆ ಚಾವಣಿವರೆಗೆ ಡಬ್ಬಿಗಳು. ನನ್ನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿ "ಮೂವತ್ತೆಂಟು, ಅಲ್ವಾ?" ಅಂದ. ಯಾವ ಕಡೆಯದನ್ನ ನೋಡಿ ಹೇಳಿದನೋ ದೇವರೇ ಬಲ್ಲ. ಒಳಗೆ ಜೇಬಿರೋದು ಇದೆಯಾ ಅಂತ ಮೆಲ್ಲಗೆ ಕೇಳಿದೆ. "ಜೇಬಾ? ದುಡ್ಡಿಡೋಕಾ?" ಅಂತ ಗಟ್ಟಿಯಾಗಿ ನಕ್ಕ. ಪಕ್ಕದಲ್ಲಿದ್ದ ಹುಡುಗಿಯರೂ ನಕ್ಕರು. ಅವನಿಗೆ ಗೊತ್ತಿಲ್ಲ, ಅವನ ಮೇಲೆ ಸಿಟ್ಟು ಮಾಡ್ಕೊಂಡು ಏನು ಪ್ರಯೋಜನ? ಅವನು ಕೊಟ್ಟದ್ದನ್ನ ತೆಗೆದ್ಕೊಂಡು ತಲೆ ತಗ್ಗಿಸಿ ಬಂದೆ. ಹಾಕಿ ನೋಡಿದರೆ ಕೆಳಗಿನ ಪಟ್ಟಿ ಬೆನ್ನ ಮೇಲೆ ಹತ್ತಿ ಕೂರುತ್ತೆ, ಎಡಗಡೆ ಕಪ್ಪಿನಿಂದ ಹೊರಗೆ ಉಕ್ಕುತ್ತೆ, ಭುಜದ ಪಟ್ಟಿ ಬಿಗಿ ಮಾಡಿದ್ರೆ ಮಾಂಸ ಕೊಯ್ಯುತ್ತೆ. ಅವತ್ತು ಊಟ ಸೇರಲಿಲ್ಲ.

ನಮ್ಮನೆಯವರು ಅದನ್ನ ನೋಡಿದ್ರು. ಇವರ ವಿಷಯ ನಿನಗೆ ಗೊತ್ತಲ್ಲ, ನೀರಿನ ಪಂಪು ರಿಪೇರಿ ಮಾಡೋರ ಬಾಯಿಗೆ ಬರೋದೂ ಪಂಪಿನ ಭಾಷೆನೇ. "ವಾಷರ್ ಸೈಜ್ ತಪ್ಪಿದ್ರೆ ಪೈಪ್ ಸೋರದೆ ಇನ್ನೇನಾಗುತ್ತೆ? ಯಾವತ್ತಾದ್ರೂ ಅಳತೆ ತೆಗೆಸಿದ್ದೀಯಾ?" ಅಂದ್ರು. ಇಲ್ಲ. ಮದುವೆ ಹೊಸದರಲ್ಲಿ ಅಂಗಡಿಯವನೊಬ್ಬ ಕೊಟ್ಟ ಮೂವತ್ತೆಂಟನ್ನೇ ಇವತ್ತಿನವರೆಗೂ ಹಾಕ್ಕೊಂಡು ಬಂದಿದ್ದೀನಿ. ನೀನೂ ಅಷ್ಟೇ ಅಲ್ವಾ? ಇವರು ಎದ್ದು ಹೋಗಿ ಸ್ಟೀಲ್ ಟೇಪು ತಂದ್ರು, ಪೈಪು ಅಳೆಯೋದು! ಮೈಗೆ ತಾಗಿದ ಕೂಡಲೇ ನಾನು ಕಿರುಚಿಕೊಂಡೆ. ಆಚೆ ರೂಮಿಂದ ಅತ್ತೆ "ಏನಾಯ್ತೇ?" ಅಂತ ಕೂಗಿದ್ರು. ಕೊನೆಗೆ ಅವರ ಹೊಲಿಗೆ ಡಬ್ಬಿಯಿಂದ ಬಟ್ಟೆ ಟೇಪು ಬಂತು. ಇವರೇ ಎದೆಯ ಕೆಳಗೆ ಸುತ್ತಿ ಅಳೆದ್ರು. ಆಮೇಲೆ ಮೇಲಿನ ಸುತ್ತಳತೆಗೆ ಬಂದಾಗ ನಿಂತುಬಿಟ್ರು. ಒಂದು ಕಡೆ ಇಲ್ಲದ ಮೇಲೆ ಸುತ್ತಳತೆಗೆ ಏನರ್ಥ? ಆಮೇಲೆ ಎದೆ ನಡುವಿನ ಮೂಳೆಯಿಂದ ಎಡಗಡೆ ಹಾದು ಬೆನ್ನುಮೂಳೆವರೆಗೆ ಅಳೆದು, "ಇದನ್ನ ಎರಡರಷ್ಟು ಮಾಡಿದ್ರಾಯ್ತು" ಅಂದ್ರು. ಟೇಪು ಬಿಡಿಸುವಾಗ ಇವರ ಬೆರಳು ಬಲಗಡೆಯ ಗೆರೆಗೆ ತಾಗಿತು. ಆಪರೇಷನ್ ಆದ ಮೇಲೆ ಇವರು ಅಲ್ಲಿ ಮುಟ್ಟಿದ್ದು ಅದೇ ಮೊದಲು. ಇವರು ಕೈ ತೆಗೆಯಲಿಲ್ಲ. "ನೋಯುತ್ತಾ?" ಅಂದ್ರು. ಇಲ್ಲ ಅಂದೆ. "ನೋಯಿಸಿಬಿಡ್ತೀನೇನೋ ಅಂತ ಇಷ್ಟು ದಿನ ಹತ್ತಿರ ಬರಲಿಲ್ಲ ಕಣೇ" ಅಂದ್ರು. ನಾನು ಬೇರೆ ಏನೇನೋ ಅಂದ್ಕೊಂಡು ಗೋಡೆ ಕಡೆ ತಿರುಗಿ ಮಲಗ್ತಿದ್ದೆ ಅಕ್ಕಾ.

ಲೆಕ್ಕ ಹಾಕಿದರೆ ಪಟ್ಟಿ ಮೂವತ್ನಾಲ್ಕು, ಕಪ್ ಡಿ. ನನಗೆ ನಂಬಿಕೆನೇ ಬರಲಿಲ್ಲ. ಪೋಸ್ಟಾಫೀಸಿನ ಹಿಂದಿನ ಬೀದಿಯಲ್ಲಿ ಹೆಂಗಸೊಬ್ಬರು ನಡೆಸೋ ಸಣ್ಣ ಅಂಗಡಿ ಇದೆ. ಇವರು ಹೊರಗೆ ಸ್ಕೂಟರಿನ ಮೇಲೆ ಕೂತ್ರು, ನಾನೊಬ್ಬಳೇ ಒಳಗೆ ಹೋದೆ. ಈ ಸಲ ಜೇಬಿನ ಮಾತೇ ಎತ್ತಲಿಲ್ಲ, ಭಯ. ಹಾಕಿ ನೋಡೋಕೆ ಒಂದು ಮೂಲೆ, ಪೂರ್ತಿ ಮುಚ್ಚದ ಪರದೆ, ನೆತ್ತಿ ಮೇಲೆ ಬಲ್ಬು, ಎದುರಿಗೆ ಉದ್ದದ ಕನ್ನಡಿ. ದಿನವಿಡೀ ಕನ್ನಡಿ ಮುಂದೆ ಇರೋಳು ನಾನು, ಆದ್ರೆ ಇಷ್ಟು ತಿಂಗಳು ಕುತ್ತಿಗೆಯಿಂದ ಕೆಳಗೆ ಬಟ್ಟೆಯಿಲ್ಲದೆ ಕನ್ನಡಿಯಲ್ಲಿ ನನ್ನನ್ನ ನಾನು ನೋಡ್ಕೊಂಡಿರಲಿಲ್ಲ. ಅವತ್ತು ನೋಡಿದೆ. ಅಳು ಬರುತ್ತೆ ಅಂದ್ಕೊಂಡಿದ್ದೆ, ಬರಲಿಲ್ಲ. ಉಳಿದಿರೋ ಎಡಗಡೆಯದು ಥೇಟ್ ಅಮ್ಮನದರ ಹಾಗೇ ಕಾಣಿಸ್ತು, ನಿನ್ನದರ ಹಾಗೇ. ಚಿಕ್ಕಂದಿನಲ್ಲಿ ಒಟ್ಟಿಗೆ ಸ್ನಾನ ಮಾಡ್ತಿದ್ದಾಗ ನಮ್ಮನ್ನ ಒಂದೇ ಅಚ್ಚು ಅಂತಿದ್ರಲ್ಲ. ಅದು ನೆನಪಾಗಿ ಸಮಾಧಾನ ಆಗೋ ಬದಲು ಭಯವಾಯ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಹಾಕಿದ್ದು ಹಿಡಿಸಲಿಲ್ಲ, ಎದೆ ನಡುವಿನ ಮೂಳೆಗೆ ಅಂಟದೆ ಎದ್ದು ನಿಲ್ತಿತ್ತು. ಇನ್ನೊಂದು ಕಂಕುಳಲ್ಲಿ ಗೀರ್ತಿತ್ತು. ಅಂಗಡಿಯವರು ಪರದೆ ಸಂದಿಯಿಂದ ಒಂದೊಂದೇ ಕೈಗೆ ಕೊಡ್ತಾ ಹೋದ್ರು. ಒಳಗೆ ಇಣುಕಲಿಲ್ಲ, ಏನೂ ಕೇಳಲಿಲ್ಲ. ಅಗಲ ಪಟ್ಟಿಯ, ತಂತಿಯಿಲ್ಲದ ಒಂದು ಬಂತು. ಹುಕ್ಕು ಹಾಕಿ, ಮುಂದಕ್ಕೆ ಬಾಗಿ ಎಡಗಡೆಯದನ್ನ ಒಳಗೆ ಕೂರಿಸಿ, ಬಲಗಡೆ ಬಾಡಿಗೆಯವಳನ್ನ ಇಟ್ಟು ನೆಟ್ಟಗೆ ನಿಂತೆ. ಆಮೇಲೆ ಎರಡೂ ಕೈ ಎತ್ತಿ, ಗಾಳಿಯಲ್ಲೇ ಒಂದು ತಲೆಯ ಕೂದಲು ಪೂರ್ತಿ ಕತ್ತರಿಸಿದೆ! ಪಟ್ಟಿ ಜಗ್ಗಲಿಲ್ಲ. ಎರಡು ಬೆರಳು ತೂರೋಷ್ಟು ಜಾಗ ಬಿಟ್ಟು ಮೈಗಂಟಿ ನಿಂತಿತ್ತು. ಪರದೆ ಆಚೆಯಿಂದ ಅವರು "ಏನಮ್ಮಾ, ಸರಿಯಾಯ್ತಾ?" ಅಂದಾಗ, ಇದೇ ಕೊಡಿ ಅಂದೆ.

ಮನೆಗೆ ಬಂದು ಅತ್ತೆಗೆ ತೋರಿಸಿ, ಒಳಗೆ ಜೇಬಿಲ್ಲ ಅಂದೆ. ಕಾಯಿಲೆ ಇದ್ದಷ್ಟು ದಿನವೂ ಅವರು ನನ್ನ ಹತ್ತಿರ ಆ ವಿಷಯ ಎತ್ತಿದವರಲ್ಲ. "ಈ ಬಾಡಿಯೊಳಗೆ ಜೇಬು ಬೇಕು ತಾನೇ? ಕೊಡು ಇಲ್ಲಿ" ಅಂತ ಹಳೇ ಮೆತ್ತನೆ ದಿಂಬಿನ ಚೀಲ ಕತ್ತರಿಸಿ, ಒಳಗಡೆ ಅಂಚು ಚುಚ್ಚದ ಹಾಗೆ ಹೊಲಿದು ಕೊಟ್ರು. ಒಂದು ಜಾಸ್ತಿನೇ ಹೊಲಿದಿದ್ರು, ಬೆವರಿಗೆ ಬದಲಾಯಿಸೋಕೆ ಇನ್ನೊಂದು ಬ್ರಾ ತಂದಾಗ ಬೇಕಾಗುತ್ತೆ ಅಂತ.

ಮೊನ್ನೆ ಬ್ಯಾಂಕ್ ಮೇಡಂ ಮತ್ತೆ ಬಂದಿದ್ರು. ಕೈ ಎತ್ತಿದೆ, ಕತ್ತರಿಸಿದೆ, ಏನೂ ಅಲುಗಲಿಲ್ಲ. ಆದ್ರೆ ಅವರು ಕನ್ನಡಿಯಲ್ಲಿ ನನ್ನ ಕಣ್ಣು ಹಿಡಿದು ಮೆಲ್ಲಗೆ ಹೇಳಿದ್ರು, "ಅವತ್ತೇ ಗೊತ್ತಾಯ್ತು. ನಮ್ಮಮ್ಮ ಕಾಲುಚೀಲ ತುರುಕ್ಕೊಳ್ತಿದ್ರು. ನಿಮ್ಮನ್ನ ಮುಜುಗರಕ್ಕೆ ಹಾಕಬಾರದು ಅಂತ ಸುಮ್ಮನಿದ್ದೆ." ಆಮೇಲೆ, "ಅಮ್ಮನಿಗೆ ಈ ಕಾಯಿಲೆ ಬಂದ ಮೇಲೆ ನಾನು ವರ್ಷಕ್ಕೊಮ್ಮೆ ತೋರಿಸ್ಕೋತೀನಿ. ಹೋಗೋ ಹಿಂದಿನ ದಿನ ನಿದ್ದೆ ಬರಲ್ಲ. ಆದ್ರೂ ಹೋಗ್ತೀನಿ" ಅಂದ್ರು. ನಾನು ಅವರ ಕತ್ತಿನ ಹಿಂದಿನ ಕೂದಲು ಒರೆಸಿದೆ. ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ.

ನನ್ನದೂ ಇನ್ನೊಂದು ತಪಾಸಣೆ ಇದೆ. ಎಲ್ಲಿ ಸ್ವಲ್ಪ ಚುಚ್ಚಿದರೂ ಅದೇನಾ ಅನ್ನಿಸುತ್ತೆ. ಆದ್ರೂ ಬೆನ್ನು ನೆಟ್ಟಗಾಗಿದೆ, ಅಷ್ಟರಮಟ್ಟಿಗೆ ನೆಮ್ಮದಿ. ಅತ್ತೆ ನಿನ್ನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು ಅಂದಿದ್ದಾರೆ. ಇವರು ನಿಮ್ಮ ಮನೆ ಪಂಪಿನ ಸದ್ದು ನಿಂತಿದೆಯಾ ಅಂತ ಕೇಳ್ತಿದ್ದಾರೆ. ಭಾವನಿಗೆ ನಮಸ್ಕಾರ ಹೇಳು, ಮಗಳಿಗೆ ನನ್ನ ಮುದ್ದು.

ನಿನ್ನ ತಂಗಿ,
ಕತ್ತರಿ

ಮರೆತ ಮಾತು: ಮರೆತಿದ್ದಲ್ಲ, ಇಷ್ಟು ಹೊತ್ತೂ ಬರೆಯೋಕೆ ಧೈರ್ಯ ಬರಲಿಲ್ಲ. ಒಡಹುಟ್ಟಿದವರೂ ತೋರಿಸ್ಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದನ್ನ ನಿನಗೆ ಹೇಳಿದಾಗಲೆಲ್ಲ ನೀನು ಮಾತು ತಿರುಗಿಸ್ತೀಯ. ನೀನು ಇಲ್ಲಿಂದ ಹೊರಡೋ ಹಿಂದಿನ ದಿನ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ನೀನು ಎಡ ಕಂಕುಳ ಕೆಳಗೆ ಒಂದೇ ಜಾಗವನ್ನ ಒತ್ತಿ ಒತ್ತಿ ನೋಡ್ಕೊಳ್ತಿದ್ದೆ. ನನ್ನ ಕಂಡ ಕೂಡಲೇ ಟವೆಲ್ ಎಳ್ಕೊಂಡೆ. ಸೋಪು ಹಚ್ಚೋ ಕೈ ಹೇಗಿರುತ್ತೆ, ಹುಡುಕೋ ಕೈ ಹೇಗಿರುತ್ತೆ ಅಂತ ನನಗೆ ಗೊತ್ತು ಅಕ್ಕಾ. ಏನೂ ಇಲ್ಲದೆ ಇರಬಹುದು, ಇರಲಿ. ಭಾನುವಾರ ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ, ಬೇಡ ಅಂತ ಹೇಳೋಕೆ ಫೋನ್ ಮಾಡಬೇಡ. ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋಗೋಣ. ನಾನು ಬರೋಷ್ಟರಲ್ಲಿ ಭಾವನಿಗೆ ಹೇಳಿರು. ನಿನಗಾಗದಿದ್ರೆ ಬಿಡು, ಬಂದು ನಾನೇ ಹೇಳ್ತೀನಿ.