ಸಾಗವಾನಿ ಹಲಗೆಯ ತಗ್ಗು

ನವೆಂಬರ್ 4, ಮಂಗಳವಾರ

ಹಳೆ ಹಲಗೆಯಿಂದ ಇಪ್ಪತ್ತೆರಡು ಮೊಳೆ ಕಿತ್ತೆ. ಇನ್ನೂ ಇದೆಯೇನೋ ಎಂದು ಅಂಗೈ ಆಡಿಸಿದೆ — ಇಲ್ಲ. ಮ್ಯಾಗ್ನೆಟ್ ಯಾರಿಗೆ ಬೇಕು? ಖಡಕಿ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಕಟ್ಟಿಗೆ ಪೆಟ್ಟಿಗೆ ಮಾಡಿದ ಕೈ. ಓದಿದ್ದು ಹಳ್ಳಿ ಸಾಲೆಯ ಏಳನೆಯ ಇಯತ್ತೆ. ಮರದ ಮುಂದೆ ಮಾತ್ರ ನಾನು ಡಾಕ್ಟರು.

ಯಾವುದೋ ಹಳೆ ವಾಡೆ, ದೊಡ್ಡ ಮನೆ, ಕೆಡವಿದಾಗ ಸಿಕ್ಕ ಸಾಗವಾನಿ. ಅಣ್ಣನ ಮಗಳು ಪೂರ್ವಾಳ ಮದುವೆಗೆ ಇದರಿಂದಲೇ ಎರಡು ಮಣೆ. ಮಶೀನು ಮುಟ್ಟುವುದಿಲ್ಲ, ಬರೀ ಕೈಯಿಂದ ಕೀಸುವ ರಂದಾ — ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ವೈನಿ ಭೀಮವ್ವ, ಪೂರ್ವಾಳ ತಾಯಿ, ನಕ್ಕರು.

“ಮಾಂತು, ಮಣಿ ಆಗೂದ್ರಾಗ ಮೊಮ್ಮಕ್ಕಳು ಬರ್ತಾವೋ ಏನೋ.”

“ಆ ಮೊಮ್ಮಕ್ಕಳ ಮದುವಿನೂ ಇದೇ ಮಣಿ ಮ್ಯಾಲ ಆಗ್ತದ, ಬರಕೊಳ್ರಿ.”

ನವೆಂಬರ್ 7, ಶುಕ್ರವಾರ

ರಂದಾ ಹೊಡೆದೆ. ಬಣ್ಣ ಹೋಯಿತು, ಕಪ್ಪು ಹೋಯಿತು. ಸುರುಳಿ ಹಪ್ಪಳಕ್ಕಿಂತ ತೆಳ್ಳಗೆ. ಆದರೆ ನಡುವೆ ರಂದಾ ಮರವನ್ನೇ ಮುಟ್ಟುತ್ತಿಲ್ಲ. ಎರಡೂ ತುದಿಯಲ್ಲಿ ಸುರುಳಿ, ನಡುವೆ ಬರೀ ಗಾಳಿ… ತಗ್ಗು. ಚಾಕುವಿನಿಂದ ಕೆರೆದೆ. ಕೊಳೆಯ ಕೆಳಗೆ ಅರಿಶಿನ.

ಹೊಸ್ತಿಲು! ಯಾವುದೋ ವಾಡೆಯವರು ತುಳಿದು ಸವೆಸಿದ್ದು. ಮರದ ಡಾಕ್ಟರಿಗೆ ತಿಳಿಯಲಿಲ್ಲ.

ಹೊಸ್ತಿಲ ಮೇಲೆ ಮದುಮಗಳನ್ನು ಕೂರಿಸುವುದೇ? ನಾನು ಕೂತರೇ ನನ್ನ ಹೆಂಡತಿ ರೇಣು ಬಿಡುತ್ತಿರಲಿಲ್ಲ. ಆಗ ಖಡಕಿಯ ಬಾಡಿಗೆ ಖೋಲಿ. ಶುಕ್ರವಾರ. ಬೇಕಂತಲೇ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಅರಿಶಿನದ ಒದ್ದೆ ಕೈ ಬೆನ್ನ ಮೇಲೆ — ಫಟ್.

“ಏಳ್ರಿ! ಲಕ್ಷ್ಮಿ ಬರೂ ದಾರ್ಯಾಗ ಅಡ್ಡ ಕುಂಡ್ರೂದ?”

“ಲಕ್ಷ್ಮಿ ನನ್ನ ನೋಡಾಕ ಬರ್ತಾಳ, ಬಿಡ.”

ಶರ್ಟಿನ ಮೇಲೆ ಐದು ಹಳದಿ ಬೆರಳು. ಫ್ಯಾಕ್ಟರಿ ಗೇಟಿನವರೆಗೂ ಹಾಗೇ ಹೋಗಿದ್ದೆ, ಎದೆ ಉಬ್ಬಿಸಿ. ರೇಣು ಹೋಗಿ ಒಂಬತ್ತು ವರ್ಷ.

ಯಾರಿಗೂ ಹೇಳುವುದಿಲ್ಲ. ಅರ್ಧ ಬೆರಳು ಕೀಸಿದರೆ ತಗ್ಗೂ ಇಲ್ಲ, ಹಳದಿಯೂ ಇಲ್ಲ.

ನವೆಂಬರ್ 8, ಶನಿವಾರ

ಕೀಸಲಿಲ್ಲ. ಬ್ಲೇಡು ಮಸೆದೆ. ಮತ್ತೆ ಮಸೆದೆ.

ನವೆಂಬರ್ 15, ಶನಿವಾರ

ಅಳಿಯನಾಗುವ ಅವಧೂತನ ಫ್ಲ್ಯಾಟ್ ನೋಡಲು ವಿಮಾನ ನಗರಕ್ಕೆ ಹೋಗಿದ್ದೆವು. ಬಾಗಿಲಿಗೆ ಹೊಸ್ತಿಲೇ ಇಲ್ಲ. ಟೈಲ್ಸ್ ಸೀದಾ ಒಳಗೆ. ವೈನಿಯ ಮುಖ ಸಣ್ಣದಾಯಿತು.

“ಅಕ್ಕಿ ಸೇರು ಎಲ್ಲಿ ಇಡೂದು? ಹುಡುಗಿ ಏನು ದಾಟಿ ಒಳಗ ಬರ್ತಾಳ?”

ಮೊಬೈಲು ಹೊರಗೆ ತೆಗೆದೆ. ಕಿಸೆಗೆ ಹಾಕಿದೆ. ಮತ್ತೆ ತೆಗೆದೆ.

“ವೈನಿ… ನಾ ತಂದದ್ದು ಮಣಿ ಕಟ್ಟಿಗಿ ಅಲ್ಲ. ಹೊಸ್ತಿಲ.”

“ಮೂವತ್ತೊಂದು ವರ್ಷದ ಕೈಗೆ ಈಗ ಗೊತ್ತಾತೇನು?”

“ಹೋದ ವಾರನ ಗೊತ್ತಾತ್ರಿ.”

“ಮತ್ತ ಮಣಿ?”

“ಅಂಗಡ್ಯಾಗಿಂದು ತರೂಣು.”

ವೈನಿ ಹೊಟ್ಟೆ ಹಿಡಿದು ನಕ್ಕರು. ಅವಧೂತನೂ ನಕ್ಕ. ನಗಲಿ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಪೂರ್ವಾ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

“ಕಾಕಾ, ಇದನ್ನ ಇಲ್ಲಿ ಕುಂಡ್ರಸ್ರಿ. ತಗ್ಗು ಮಾತ್ರ ಕೀಸಬ್ಯಾಡ್ರಿ.”

ನವೆಂಬರ್ 23, ಭಾನುವಾರ. ವಿಮಾನ ನಗರ. ಸಂಜೆ 5

ಮದುವೆ ಮುಗಿಯಿತು. ಅಂಗಡಿ ಮಣೆ ಕಿರ್ ಎಂದಿತು, ನನಗೊಬ್ಬನಿಗೇ ಕೇಳಿಸಿತು.

ಎಲ್ಲರಿಗಿಂತ ಮೊದಲು ಇಲ್ಲಿಗೆ ಬಂದೆ. ಹೊಸ್ತಿಲು ಗಟ್ಟಿಯಾಗಿ ಕೂತಿದೆ, ಕೂದಲೆಳೆಯಷ್ಟೂ ಸಂದಿಲ್ಲ — ಇಷ್ಟಾದರೂ ಹೇಳಿಕೊಳ್ಳಬೇಡವೇ! ಎರಡು ತುದಿ ಕನ್ನಡಿ. ತಗ್ಗು ಮುಟ್ಟಿಲ್ಲ.

ಯಾರೂ ಇರಲಿಲ್ಲ. ಬೇಕಂತಲೇ ಅದರ ಮೇಲೆ ಕೂತೆ. ಸ್ವಲ್ಪ ಹೊತ್ತು ಕೂತೆ. ಬೆನ್ನಿಗೆ ಏಟು ಬೀಳಲಿಲ್ಲ.

ಎದ್ದು ಅರಿಶಿನ ಹಚ್ಚಿದೆ. ರೇಣುವಿನ ಕೆಲಸ ಇದು. ನನ್ನ ಕೈಯಲ್ಲಿ ಸೊಟ್ಟಗಾಯಿತು. ಸೇರಿನ ತುಂಬ ಅಕ್ಕಿ ಇಟ್ಟೆ.

ಲಿಫ್ಟ್ ಸದ್ದು. ಬಳೆ ಸದ್ದು. ಪೂರ್ವಾ ಹೊರಗೆ ನಿಂತಿದ್ದಾಳೆ, ತಗ್ಗಿನ ಎದುರಿಗೇ. ವೈನಿ ಕೂಗುತ್ತಿದ್ದಾರೆ, “ಮಾಂತು, ಬರೀಲಿಕ್ಕೆ ಇದ ಹೊತ್ತೇನು? ಬಾ ಇಲ್ಲೆ!” ಬಲಗಾಲು ಎತ್ತಿದಳು, ನಾನು ಪೆನ್ನು ಇಡುತ್ತೇನೆ.